ಲೋಹದ ಮೇಲಿನ ಕಾಣದ ಜಿಡ್ಡು: ನೀರು, ಯುವಿ ಟಾರ್ಚು, ಡೈನ್ ಪೆನ್ನು ಸಾಕಾ, ಇನ್‌ಫ್ರಾರೆಡ್ ಗನ್ ಬೇಕಾ?

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಪೌಡರ್ ಕೋಟಿಂಗ್, ಪ್ಲೇಟಿಂಗ್, ಮಷಿನಿಂಗ್ ನಡೆಸುವವರು ಈಗೀಗ ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ಜಾಬ್, ಅಂದರೆ ಕೆಲಸಕ್ಕೆ ಬಂದ ಲೋಹದ ಭಾಗ, ನೋಡಲು ಸ್ವಚ್ಛವಾಗಿದೆ. ಆದರೂ ಬಣ್ಣ ಹಿಡಿಯುತ್ತಿಲ್ಲ, ಪ್ಲೇಟಿಂಗ್ ಸುಲಿಯುತ್ತಿದೆ, ಅಂಟು ಬಿಡುತ್ತಿದೆ. "ನಿನ್ನೆನೂ ಇದ ಪೌಡರ್ ರೀ, ಇದ ಒವನ್, ಏನೂ ಬದಲಾಗಿಲ್ಲ, ಇವತ್ತ ಯಾಕ ಹಿಂಗಾತು?" ಎಂದು ಸೂಪರ್‌ವೈಸರ್ ತಲೆ ಕೆರೆದುಕೊಳ್ಳುತ್ತಾರೆ. ಅದೇ ಹೊತ್ತಿಗೆ ಯಾರೋ ಮಾರಾಟಗಾರರು ಬಂದು, ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರ್, ಅಂದರೆ ಇನ್‌ಫ್ರಾರೆಡ್ ಬೆಳಕಿನಿಂದ ಕೊಳೆ ಗುರುತಿಸುವ ಗನ್, ತೋರಿಸುತ್ತಾರೆ. ಜಾಬ್ ಮೇಲೆ ಇಟ್ಟು ಒತ್ತಿದರೆ ಅರೆ ನಿಮಿಷದಲ್ಲಿ "ಎಣ್ಣೆ ಇದೆ" ಅನ್ನುತ್ತದೆ. ಬೆಲೆ ಕೇಳಿದರೆ ಹತ್ತಾರು ಲಕ್ಷ.

ತೆಗೆದುಕೊಳ್ಳಬೇಕಾ, ಬೇಡವಾ? ಯಂತ್ರ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಬರುವ ಕೆಲಸ ಯಾವುದು, ಒಂದು ಬಕೆಟ್ ನೀರಿನಲ್ಲೇ ಮುಗಿಯುವ ಕೆಲಸ ಯಾವುದು ಎಂದು ಮೊದಲು ಬೇರೆ ಮಾಡಬೇಕು. ಇನ್‌ಫ್ರಾರೆಡ್‌ನ ನಿಜವಾದ ಬಲ ಕೊಳೆಯ ಹೆಸರು ಹೇಳುವುದರಲ್ಲಿದೆ. ಹೆಸರು ನಿಮಗೆ ಬೇಕಿಲ್ಲದಿದ್ದರೆ ಅದಕ್ಕೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ.

ಕ್ಯಾಟಲಾಗ್ ತೆರೆಯುವ ಮೊದಲು

ಮೊದಲ ಪ್ರಶ್ನೆ, ನಿಮ್ಮ ಜಾಬ್ ಮೇಲಿರುವ ಕೊಳೆ ಯಾವ ಜಾತಿಯದು? ಶಾಪ್‌ನಲ್ಲಿ ಮೂರು ಜಾತಿ ಸಿಗುತ್ತವೆ. ಒಂದು, ತೆಳುವಾಗಿ ಹರಡಿಕೊಳ್ಳುವ ಪದರ: ಕಟಿಂಗ್ ಆಯಿಲ್, ಕೂಲಂಟ್, ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ಎಣ್ಣೆ, ಸಿಲಿಕೋನ್, ತೊಳೆದ ಮೇಲೆ ಉಳಿದ ಸೋಪು, ಬೆರಳಿನ ಜಿಡ್ಡು. ಎರಡು, ಕಣಗಳು: ಚಿಪ್ಸ್, ಬರ್, ಫೌಂಡ್ರಿ ಮರಳು, ಗ್ರೈಂಡಿಂಗ್ ಧೂಳು. ಮೂರು, ಉಪ್ಪು: ಬೆವರಿನದು, ಬೋರ್‌ವೆಲ್ ನೀರಿನದು, ಪ್ಲೇಟಿಂಗ್ ಟ್ಯಾಂಕಿನದು. ಈ ಮೂರನ್ನೂ ಒಂದೇ ಸಾಧನ ಹಿಡಿಯುವುದಿಲ್ಲ. ಇನ್‌ಫ್ರಾರೆಡ್ ಮೊದಲನೆಯದಕ್ಕೆ ಮಾತ್ರ ಭೂಪ.

ಎರಡನೆಯದು, ಈ ಜಾಬ್ ಮುಂದೆ ಎಲ್ಲಿಗೆ ಹೋಗುತ್ತದೆ? ಪೇಂಟಿಗೆ ಹೋಗುವ ಪ್ಲೇಟು, ಹಾರ್ಡ್ ಕ್ರೋಮಿಗೆ ಹೋಗುವ ರಾಡು, ಹೈಡ್ರಾಲಿಕ್ ಸಿಲಿಂಡರಿನ ಟ್ಯೂಬು, ಅಂಟು ಹಚ್ಚುವ ಅಲ್ಯೂಮಿನಿಯಂ ಭಾಗ, ಇವುಗಳಿಗೆ ಬೇಕಾದ ಸ್ವಚ್ಛತೆ ಬೇರೆ ಬೇರೆ. ಒಂದಕ್ಕೆ ನಡೆಯುವ ಜಿಡ್ಡು ಇನ್ನೊಂದಕ್ಕೆ ನಡೆಯುವುದಿಲ್ಲ.

ಮೂರನೆಯದನ್ನು ಜನ ಮರೆಯುವುದೇ ಜಾಸ್ತಿ. ನಿಮಗೆ ಉತ್ತರ ಯಾವ ರೂಪದಲ್ಲಿ ಬೇಕು? "ಸ್ವಚ್ಛ ಇದೆ, ಇಲ್ಲ" ಅಂದರೆ ಸಾಕಾ? "ಚದರ ಸೆಂಟಿಮೀಟರಿಗೆ ಇಷ್ಟು" ಎಂಬ ಲೆಕ್ಕ ಬೇಕಾ? ಅಥವಾ "ಇದು ಇಂಥ ಎಣ್ಣೆ, ಇಂಥ ಕಡೆಯಿಂದ ಬಂದದ್ದು" ಎಂಬ ಹೆಸರೇ ಬೇಕಾ? ಈ ಮೂರು ಉತ್ತರಗಳ ಬೆಲೆಯಲ್ಲಿ ಸಾವಿರಪಟ್ಟು ವ್ಯತ್ಯಾಸ ಇದೆ.

ಇನ್ನು ಜಾಬ್‌ನ ರೂಪ. ನುಣುಪಾಗಿದೆಯಾ, ಬ್ಲಾಸ್ಟಿಂಗ್ ಆಗಿದೆಯಾ, ಬಾಗಿದೆಯಾ, ಒಳಬೋರಿನಲ್ಲಿ ನೋಡಬೇಕಾ? ಒದ್ದೆ ಮಾಡಿದರೆ ನಡೆಯುತ್ತದಾ? ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ ಬಿಡುವುದಿಲ್ಲ. ಎರಕದ ಕಬ್ಬಿಣಕ್ಕೆ ನೀರು ತಾಕಿಸಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಕೆಂಪಾಗಿರುತ್ತದೆ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ ಖರ್ಚು, ಮತ್ತು ಅದಕ್ಕಿಂತ ಮುಖ್ಯವಾಗಿ, ಆ ಸಾಧನವನ್ನು ದಿನಾ ಹಿಡಿಯುವವರು ಯಾರು ಎಂಬುದು.

ನೀರು

ಮೊದಲು ನೀರಿನ ಪರೀಕ್ಷೆ. ವಾಟರ್ ಬ್ರೇಕ್ ಟೆಸ್ಟ್ ಅಂತಾರೆ. ಎಎಸ್‌ಟಿಎಂ ಎಫ್22 ಎಂಬ ಮಾನಕ ಇದಕ್ಕೆ ಇದೆ. ಹಾಗಾಗಿ ಇದನ್ನು ಹಳ್ಳಿ ಮದ್ದು ಎಂದು ತಳ್ಳಿಹಾಕಬೇಡಿ.

ತೊಳೆದು ಮುಗಿಸಿದ ಪ್ಲೇಟನ್ನು ಡಿಎಂ ವಾಟರ್‌ನಲ್ಲಿ (ಲವಣಾಂಶ ತೆಗೆದ ನೀರು) ಅದ್ದಿ, ನಿಲ್ಲಿಸಿ ಹಿಡಿದು, ಅರೆ ನಿಮಿಷ ಸುಮ್ನೆ ನೋಡಿ. ಸ್ವಚ್ಛ ಲೋಹದ ಮೇಲೆ ನೀರು ಒಂದೇ ಹಾಳೆಯಾಗಿ ಇಳಿಯುತ್ತದೆ, ಎಲ್ಲೂ ಬಿರಿಯುವುದಿಲ್ಲ. ಜಿಡ್ಡು ಇದ್ದ ಕಡೆ ಆ ಹಾಳೆ ಥಟ್ಟನೆ ಬಿರಿದು ಹಿಂದಕ್ಕೆ ಸರಿಯುತ್ತದೆ, ಕೆಸುವಿನ ಎಲೆಯ ಮೇಲಿನ ಹಾಗೆ ಹನಿಗಟ್ಟುತ್ತದೆ. ಗಮನವಿಟ್ಟು ನೋಡಿದರೆ ಬಿರಿದ ಜಾಗದ ಆಕಾರವೇ ಕಥೆ ಹೇಳುತ್ತದೆ. ಅಂಚಿನಲ್ಲಿ ಅವರೆಕಾಳಿನಷ್ಟು ಅಗಲದ ಒಣ ಗುರುತು ಇದ್ದರೆ ಯಾರೋ ಬರಿಗೈಯಲ್ಲಿ ಹಿಡಿದಿದ್ದಾರೆ. ಬೆಂಡ್ ಆದ ಗೆರೆಯುದ್ದಕ್ಕೂ ಬಿರಿದರೆ ಪ್ರೆಸ್ ಬ್ರೇಕಿನ ಎಣ್ಣೆ ಮೂಲೆಯಲ್ಲಿ ಉಳಿದಿದೆ. ಪ್ಲೇಟಿನ ಕೆಳಭಾಗ ಮಾತ್ರ ಬಿರಿದರೆ ಜಿಡ್ಡು ತೊಳೆಯುವ ಡಿಗ್ರೀಸಿಂಗ್ ಟ್ಯಾಂಕಿನಿಂದ ಎತ್ತುವಾಗ ಮೇಲೆ ತೇಲುವ ಎಣ್ಣೆ ಅಂಟಿಕೊಂಡಿರಬಹುದು. ಇಡೀ ಜಾಬ್‌ನ ನಕ್ಷೆ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಈ ಗುಣ ಲಕ್ಷಾಂತರ ರೂಪಾಯಿಯ ಗನ್‌ಗೂ ಇಲ್ಲ. ಅದು ಒಮ್ಮೆಗೆ ನೋಡುವುದು ಕೆಲವೇ ಮಿಲಿಮೀಟರ್ ಅಗಲದ ಚುಕ್ಕಿಯನ್ನು.

ಆದರೆ ನೀರಿಗೆ ದೊಡ್ಡದೊಂದು ಕುರುಡು ಇದೆ. ನೀರನ್ನು ದೂಡುವ ಕೊಳೆಯನ್ನಷ್ಟೇ ಅದು ಹಿಡಿಯುತ್ತದೆ. ನೀರಿನಲ್ಲಿ ಕರಗುವ ಕೂಲಂಟಿನಲ್ಲಿ, ಕ್ಲೀನರಿನಲ್ಲಿ ಸೋಪಿನಂಥ ವಸ್ತುಗಳು ಇರುತ್ತವೆ. ಅವು ಉಳಿದರೆ ನೀರು ಇನ್ನೂ ಚೆನ್ನಾಗಿ ಹರಡುತ್ತದೆ! ಪ್ಲೇಟು ಪಾಸಾಗುತ್ತದೆ, ಆಮೇಲೆ ಬಣ್ಣ ಎದ್ದು ಬರುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಚೆನ್ನಾಗಿ ರಿನ್ಸ್ ಮಾಡಿ. ಅದ್ದುವ ನೀರನ್ನು ಆಗಾಗ ಬದಲಿಸಿ, ಅದರ ಮೇಲೆಯೇ ಎಣ್ಣೆ ತೇಲುತ್ತಿದ್ದರೆ ಎಲ್ಲ ಜಾಬೂ ಫೇಲ್. ಉಪ್ಪನ್ನೂ ಈ ಪರೀಕ್ಷೆ ಹಿಡಿಯುವುದಿಲ್ಲ. ಲೆಕ್ಕವನ್ನೂ ಹೆಸರನ್ನೂ ಕೊಡುವುದಿಲ್ಲ.

ಖರ್ಚು? ಡಿಎಂ ವಾಟರ್ ಕ್ಯಾನಿನ ಬೆಲೆ. ಯಾವ ಶೆಡ್ ಆದರೂ ಇದನ್ನು ಇವತ್ತೇ ಶುರು ಮಾಡಬಹುದು, ಮಾಡಬೇಕು ಕೂಡ.

ಯುವಿ ಟಾರ್ಚು, ಡೈನ್ ಪೆನ್ನು, ಮತ್ತಿತರರು

ಖನಿಜ ಎಣ್ಣೆಗಳು ಯುವಿ ಬೆಳಕಿನಲ್ಲಿ ನೀಲಿ ಛಾಯೆಯಲ್ಲಿ ಹೊಳೆಯುತ್ತವೆ. ಕತ್ತಲೆ ಮಾಡಿ ಟಾರ್ಚ್ ಹಿಡಿದರೆ ಥ್ರೆಡ್ ಒಳಗೆ, ಮೂಲೆಯಲ್ಲಿ, ವೆಲ್ಡ್ ಸಂದಿಯಲ್ಲಿ ಉಳಿದ ಎಣ್ಣೆ ಕಾಣುತ್ತದೆ. ಜಾಬ್ ಒದ್ದೆಯಾಗುವುದಿಲ್ಲ, ಎರಕದ ಕಬ್ಬಿಣಕ್ಕೆ ಮಳೆಗಾಲದಲ್ಲಿ ಇದೇ ವಾಸಿ. ಟಾರ್ಚ್ ಕೊಳ್ಳುವಾಗ 365 ನ್ಯಾನೋಮೀಟರಿನದೇ ಕೇಳಿ. ಅಗ್ಗಕ್ಕೆ ಸಿಗುವ 395 ರ ಟಾರ್ಚು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಜಾಸ್ತಿ ಚೆಲ್ಲುತ್ತದೆ, ಎಣ್ಣೆಯ ಮಂದ ಹೊಳಪು ಅದರಲ್ಲಿ ಮುಚ್ಚಿಹೋಗುತ್ತದೆ. ಯುವಿಯಿಂದ ಕಣ್ಣು ಕಾಯುವ ಕನ್ನಡಕ ಕಡ್ಡಾಯ.

ಇದರ ಮಿತಿಯನ್ನು ಐದು ನಿಮಿಷದಲ್ಲಿ ನೀವೇ ತಿಳಿಯಬಹುದು. ನಿಮ್ಮ ಶಾಪ್‌ನಲ್ಲಿ ಬಳಸುವ ಪ್ರತಿಯೊಂದು ಎಣ್ಣೆ, ಗ್ರೀಸ್, ಸ್ಪ್ರೇಯ ಒಂದೊಂದು ಬೊಟ್ಟನ್ನು ಸ್ವಚ್ಛ ಪ್ಲೇಟಿನ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಹೆಸರು ಬರೆದು, ಟಾರ್ಚ್ ಹಿಡಿಯಿರಿ. ಕೆಲವು ಝಗ್ಗನೆ ಹೊಳೆಯುತ್ತವೆ. ಕೆಲವು ಸಿಂಥೆಟಿಕ್ ಎಣ್ಣೆಗಳು ಕಾಣುವುದೇ ಇಲ್ಲ. ಸಿಲಿಕೋನ್ ಸ್ಪ್ರೇ ಅಂತೂ ಪೂರ್ತಿ ಮಾಯ. ಪೌಡರ್ ಕೋಟಿಂಗ್‌ನಲ್ಲಿ ಫಿಶ್ ಐ, ಅಂದರೆ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿ, ಬೀಳಿಸುವ ಮಹಾ ಶತ್ರು ಸಿಲಿಕೋನೇ ಅಲ್ವಾ? ಅದನ್ನೇ ಈ ಟಾರ್ಚು ಹಿಡಿಯುವುದಿಲ್ಲ. ಇನ್ನೊಂದು ಕಡೆ, ಬಟ್ಟೆಯ ನೂಲಿನ ಎಳೆಗಳು ಚುಕ್ಕಿ ಚುಕ್ಕಿಯಾಗಿ ಹೊಳೆದು ದಾರಿ ತಪ್ಪಿಸುತ್ತವೆ.

ಇದೇ ತತ್ವದ ಮೇಲೆ ಹೊಳಪನ್ನು ಅಳೆದು ಅಂಕಿ ಕೊಡುವ ಕೈ ಮೀಟರುಗಳೂ ಇವೆ. ದಿನಾ ಒಂದೇ ಎಣ್ಣೆ, ಒಂದೇ ಜಾಬ್, ಸಾವಿರಾರು ಸಂಖ್ಯೆ, ಆ ಎಣ್ಣೆಯೂ ಹೊಳೆಯುವಂಥದ್ದು ಎಂದಾದರೆ ಇವು ಇನ್‌ಫ್ರಾರೆಡ್‌ಗಿಂತ ಸರಳ, ಕಡಿಮೆ ಬೆಲೆಯವು.

ಡೈನ್ ಪೆನ್ನು ಗೊತ್ತಿರುವ ಮೇಲ್ಮೈ ಸೆಳೆತದ ಇಂಕು ತುಂಬಿದ ಪೆನ್ನು. ಗೆರೆ ಎಳೆದಾಗ ಒಂದೆರಡು ಸೆಕೆಂಡ್ ಹಾಗೇ ನಿಂತರೆ ಮೇಲ್ಮೈಯ ಶಕ್ತಿ ಪೆನ್ನಿನ ಡೈನ್ ಅಂಕಿಯಷ್ಟೋ ಅದಕ್ಕಿಂತ ಮೇಲೋ ಇದೆ, ಹನಿಗಟ್ಟಿದರೆ ಕೆಳಗಿದೆ. ಶುದ್ಧ ನೀರಿನದು ಸುಮಾರು 72 ಡೈನ್, ಪೇಂಟಿಗೆ ಸಾಮಾನ್ಯವಾಗಿ 38ರಿಂದ 44 ಕೇಳುತ್ತಾರೆ. ಅಂದರೆ ನೀರು ಕೊಡುವ "ಹೌದು, ಇಲ್ಲ" ಉತ್ತರಕ್ಕೆ ಪೆನ್ನು ಮೆಟ್ಟಿಲುಗಳನ್ನು ಹಾಕಿಕೊಡುತ್ತದೆ. ಗ್ರಾಹಕರು ರೆಕಾರ್ಡ್ ಕೇಳಿದರೆ ಬರೆದಿಡಲು ಒಂದು ಅಂಕಿ ಸಿಗುತ್ತದೆ. ತೊಂದರೆ ಎಂದರೆ, ಗೆರೆ ಎಳೆದ ಜಾಗವೇ ಕೊಳೆಯಾಗುತ್ತದೆ, ಅದನ್ನು ಮತ್ತೆ ತೊಳೆಯಬೇಕು. ಪೆನ್ನಿನ ತುದಿಯೂ ಜಿಡ್ಡು ಹೀರಿಕೊಂಡು ಕೆಡುತ್ತದೆ. ಕೆಲವು ಇಂಕುಗಳಲ್ಲಿ ಫಾರ್ಮಮೈಡ್ ಇರುತ್ತದೆ. ಅದು ಗರ್ಭಿಣಿಯರಿಗೆ ಅಪಾಯಕಾರಿ. ಲೈನಿನಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರೆ ಫಾರ್ಮಮೈಡ್ ಇಲ್ಲದ ಇಂಕನ್ನೇ ತರಿಸಿ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹನಿಯ ಕೋನ ಅಳೆಯುವ ಯಂತ್ರಗಳೂ ಇವೆ. ಒಂದು ಹನಿ ಬಿಟ್ಟು, ಅದು ಮೇಲ್ಮೈ ಜೊತೆ ಮಾಡುವ ಕೋನ ನೋಡುತ್ತವೆ. ಅಂಟು ಹಚ್ಚುವ ಕೆಲಸಕ್ಕೆ ಚೆನ್ನ. ಪೌಡರ್ ಕೋಟಿಂಗ್ ಶೆಡ್ಡಿಗೆ ಜಾಸ್ತಿಯಾಯಿತು.

ಉಪ್ಪಿನ ಅನುಮಾನ ಇದ್ದರೆ ಈ ಯಾವುದೂ ಬೇಡ. ಬ್ರೆಸ್ಲ್ ಪ್ಯಾಚ್ ಎಂಬ ಪುಟ್ಟ ಅಂಟುಪಟ್ಟಿಯನ್ನು ಅಂಟಿಸಿ, ಅದರೊಳಗೆ ಡಿಎಂ ವಾಟರ್ ತುಂಬಿ ತೆಗೆದು, ಕಂಡಕ್ಟಿವಿಟಿ ಮೀಟರಿನಿಂದ ಅಳೆಯಿರಿ. ಐಎಸ್‌ಒ 8502ರ 6 ಮತ್ತು 9ನೇ ಭಾಗಗಳು ಇದನ್ನೇ ಹೇಳುತ್ತವೆ. ಕಣಗಳ ಸಮಸ್ಯೆ ಇದ್ದರೆ, ಅಂದರೆ ಹೈಡ್ರಾಲಿಕ್ ಸಿಲಿಂಡರ್, ವಾಲ್ವ್ ಬಾಡಿ ಮಾಡುವವರಾದರೆ, ಭಾಗವನ್ನು ದ್ರಾವಕದಲ್ಲಿ ತೊಳೆದು, ಆ ದ್ರವವನ್ನು ಮೆಂಬ್ರೇನ್ ಫಿಲ್ಟರಿನಲ್ಲಿ ಸೋಸಿ, ಉಳಿದದ್ದನ್ನು ತೂಗಿ, ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಸೀಲ್ ಕೊರೆಯುವುದು ಚಿಪ್ಸ್, ಮರಳು. ಇನ್‌ಫ್ರಾರೆಡ್ ಗನ್ ತಂದು ಸಿಲಿಂಡರ್ ಟ್ಯೂಬಿಗೆ ಹಿಡಿದರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಇನ್‌ಫ್ರಾರೆಡ್ ಏನು ನೋಡುತ್ತದೆ

ಎಣ್ಣೆಯ ಅಣುವಿನಲ್ಲಿ ಕಾರ್ಬನ್, ಹೈಡ್ರೋಜನ್ ಕೊಂಡಿಗಳು ಸದಾ ಅದುರುತ್ತಿರುತ್ತವೆ. ಒಂದೊಂದು ಬಗೆಯ ಕೊಂಡಿ ಇನ್‌ಫ್ರಾರೆಡ್ ಬೆಳಕಿನ ತನ್ನದೇ ಆದ ಭಾಗವನ್ನು ಹೀರುತ್ತದೆ. ಲೋಹ ಹಾಗಲ್ಲ, ಆ ಬೆಳಕನ್ನು ಹೆಚ್ಚೂಕಡಿಮೆ ಪೂರ್ತಿ ವಾಪಸ್ ಕಳಿಸುತ್ತದೆ. ಹೀಗಾಗಿ ಗನ್ನಿನ ಬೆಳಕು ಜಿಡ್ಡಿನ ಪದರ ದಾಟಿ, ಲೋಹಕ್ಕೆ ಬಡಿದು, ಮತ್ತೆ ಅದೇ ಪದರ ದಾಟಿ ಹಿಂದೆ ಬರುತ್ತದೆ. ಯಾವ ಭಾಗ ಕಡಿಮೆಯಾಯಿತು ಎಂದು ನೋಡಿದರೆ ಪದರದಲ್ಲಿ ಏನಿದೆ ಎಂದು ತಿಳಿಯುತ್ತದೆ, ಎಷ್ಟು ಕಡಿಮೆಯಾಯಿತು ಎಂದು ನೋಡಿದರೆ ಪದರ ಎಷ್ಟು ದಪ್ಪ ಎಂದು ತಿಳಿಯುತ್ತದೆ.

ಪರದೆಯ ಮೇಲೆ ಬರುವ ಗೆರೆಯನ್ನು ಓದಲು ದೊಡ್ಡ ಡಿಗ್ರಿ ಬೇಕಿಲ್ಲ. ನಾಲ್ಕೈದು ಜಾಗ ನೆನಪಿಟ್ಟುಕೊಂಡರೆ ಶಾಪ್‌ನ ಅರ್ಧ ಜಗಳ ಬಗೆಹರಿಯುತ್ತದೆ. 2920 ಮತ್ತು 2850 ವೇವ್‌ನಂಬರ್ (ಗೆರೆಯ ಕೆಳಗೆ ಕಾಣುವ ಅಂಕಿ) ಹತ್ತಿರ ಜೋಡಿ ಶಿಖರ ಎದ್ದರೆ ಎಣ್ಣೆಯೋ ಗ್ರೀಸೋ ಇದೆ. ಅದರ ಜೊತೆಗೆ 1740ರ ಹತ್ತಿರ ಇನ್ನೊಂದು ಎದ್ದರೆ ಅದು ಬರೀ ಖನಿಜ ಎಣ್ಣೆ ಅಲ್ಲ, ಎಸ್ಟರ್ ಇದೆ: ಸಸ್ಯಜನ್ಯ ಎಣ್ಣೆ, ಕೊಬ್ಬು ಬೆರೆತ ಡ್ರಾಯಿಂಗ್ ಆಯಿಲ್, ಎಸ್ಟರ್ ಆಧಾರಿತ ಲೂಬ್ರಿಕೆಂಟ್. 1560ರ ಆಸುಪಾಸಿನಲ್ಲಿ ಅಗಲವಾದ ಉಬ್ಬು ಇದ್ದರೆ ಸೋಪು. ನೆನಪಿದೆಯಾ, ನೀರಿನ ಪರೀಕ್ಷೆಯಲ್ಲಿ ಪಾಸಾಗಿ ತಪ್ಪಿಸಿಕೊಂಡಿತ್ತಲ್ಲ, ಅದೇ. 1260ರಲ್ಲಿ ಚೂಪಾದ ಶಿಖರ, 1000ರಿಂದ 1100ರ ನಡುವೆ ದೊಡ್ಡ ಅಗಲದ ಶಿಖರ, 800ರ ಹತ್ತಿರ ಇನ್ನೊಂದು, ಈ ಮೂರೂ ಒಟ್ಟಿಗೆ ಬಂದರೆ ಸಿಲಿಕೋನ್ ಎಂದು ಧೈರ್ಯವಾಗಿ ಹೇಳಬಹುದು. ಒಂದು ಎಚ್ಚರಿಕೆ: 800ರ ಶಿಖರ ಒಂದನ್ನೇ ನಂಬಬೇಡಿ. ಹಳದಿ ಕಂದು ತುಕ್ಕು ಕೂಡ 890 ಮತ್ತು 800ರ ಹತ್ತಿರ ಶಿಖರ ಕೊಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆಯ ಉಕ್ಕಿನ ಪ್ಲೇಟಿನ ಮೇಲೆ ಅದು ಇದ್ದೇ ಇರುತ್ತದೆ. ಸಿಲಿಕೋನ್ ಹೌದೋ ಅಲ್ಲವೋ ಎಂಬುದಕ್ಕೆ 1260 ನೋಡಿ.

ಈ ಹೆಸರು ಹೇಳುವ ಗುಣ ಏಕೆ ಮುಖ್ಯ? ಫಿಶ್ ಐ ಬಿದ್ದಾಗ ಪೇಂಟರ್ ಪೌಡರ್ ಸಪ್ಲೈಯರನ್ನು ಬೈಯುತ್ತಾರೆ, ಸಪ್ಲೈಯರ್ ಕಂಪ್ರೆಸರ್ ಗಾಳಿಯನ್ನು ದೂರುತ್ತಾರೆ, ಗಾಳಿ ನೋಡಿಕೊಳ್ಳುವವರು ಫ್ಯಾಬ್ರಿಕೇಶನ್‌ನಲ್ಲಿ ವೆಲ್ಡ್ ಚಿಮ್ಮು ಅಂಟದಿರಲಿ ಎಂದು ಹೊಡೆಯುವ ಸ್ಪ್ರೇ ಕಡೆ ಬೆರಳು ತೋರಿಸುತ್ತಾರೆ. ಕಂಪ್ರೆಸರ್ ಎಣ್ಣೆ ಒಂದು ಚಿತ್ರ ಕೊಡುತ್ತದೆ, ಸಿಲಿಕೋನ್ ಸ್ಪ್ರೇ ಬೇರೆಯೇ ಚಿತ್ರ ಕೊಡುತ್ತದೆ. ಒಂದು ಸ್ಕ್ಯಾನಿನಲ್ಲಿ ಮೂಲ ಹಿಡಿದು, ಆ ಡಬ್ಬಿಯನ್ನು ಶಾಪ್‌ನಿಂದ ಹೊರಗೆ ಹಾಕಬಹುದು. ನೀರು, ಪೆನ್ನು, ಟಾರ್ಚು ಮೂರೂ ಸೇರಿದರೂ ಇದು ಆಗದು.

ದೊಡ್ಡ ಕೆಲಸಗಳಲ್ಲೂ ಇದೇ ಕಾರಣಕ್ಕೆ ಇನ್‌ಫ್ರಾರೆಡ್ ಬಂತು. ನಾಸಾದ ಬಾಹ್ಯಾಕಾಶ ನೌಕೆಯ ಘನ ಇಂಧನ ರಾಕೆಟ್‌ಗಳ ಉಕ್ಕಿನ ಕವಚದ ಒಳಗೆ ಶಾಖ ತಡೆಯುವ ಪದರವನ್ನು ಅಂಟಿಸುತ್ತಿದ್ದರು. ತುಕ್ಕು ಹಿಡಿಯದಂತೆ ಕವಚಕ್ಕೆ ಗ್ರೀಸ್ ಹಚ್ಚಿಡುತ್ತಿದ್ದರು. ಅದರ ಅಂಶ ಚೂರು ಉಳಿದರೂ ಅಂಟು ಬಲ ಕಳೆದುಕೊಳ್ಳುತ್ತಿತ್ತು. ಮೊದಲು ಅವರು ಯುವಿ ಬೆಳಕು ಬಿಟ್ಟು ಲೋಹದಿಂದ ಹೊರಡುವ ಎಲೆಕ್ಟ್ರಾನ್‌ಗಳನ್ನು ಅಳೆಯುವ ವಿಧಾನ ಬಳಸಿದರು. ಅದು ಬಹಳ ಸೂಕ್ಷ್ಮ, ಆದರೆ "ಏನೋ ಇದೆ" ಎನ್ನುತ್ತಿತ್ತೇ ಹೊರತು ಅದು ಗ್ರೀಸೋ ತುಕ್ಕೋ ಎಂದು ಹೇಳುತ್ತಿರಲಿಲ್ಲ. ಆ ಕೊರತೆ ತುಂಬಲು ಕವಚದ ಹತ್ತಿರಕ್ಕೇ ಒಯ್ಯಬಹುದಾದ ಇನ್‌ಫ್ರಾರೆಡ್ ಉಪಕರಣಗಳನ್ನು ಅಭಿವೃದ್ಧಿಪಡಿಸಿದರು.

ಗನ್ನಿನ ತಲೆ ಆರಿಸುವುದೇ ಅರ್ಧ ಕೆಲಸ

ಮಾರುಕಟ್ಟೆಯಲ್ಲಿ ಅಜಿಲೆಂಟ್ 4300ರಂಥ ಕೈಯಲ್ಲಿ ಹಿಡಿಯುವ ಯಂತ್ರಗಳಿವೆ, ತೂಕ ಎರಡು ಕಿಲೋಗಿಂತ ತುಸು ಜಾಸ್ತಿ. ಮೇಜಿನ ಮೇಲಿಟ್ಟು ಬಳಸುವ, ಎತ್ತಿಕೊಂಡು ಹೋಗಬಹುದಾದ ಬ್ರೂಕರ್ ಆಲ್ಫಾದಂಥವೂ ಇವೆ. ಜಾಬ್ ಯಂತ್ರದ ಹತ್ತಿರ ಬರುತ್ತದಾ, ಯಂತ್ರ ಜಾಬ್ ಹತ್ತಿರ ಹೋಗಬೇಕಾ, ಇದೇ ಇವೆರಡರ ನಡುವಿನ ಆಯ್ಕೆ. ಆದರೆ ಅದಕ್ಕಿಂತ ಮುಖ್ಯ, ಮುಂದೆ ಹಾಕುವ ತಲೆ.

ಸುಮಾರು 45 ಡಿಗ್ರಿಯಲ್ಲಿ ಬೆಳಕು ಬಿಡುವ ಪ್ರತಿಫಲನದ ತಲೆ ಸಾಮಾನ್ಯ ಎಣ್ಣೆ ಪದರಕ್ಕೆ, ಮಷಿನ್ ಆದ ನುಣುಪು ಮೇಲ್ಮೈಗೆ ಸರಿಹೋಗುತ್ತದೆ. ಪದರ ತೀರಾ ತೆಳುವಾಗಿದ್ದರೆ, ಹತ್ತಾರು ನ್ಯಾನೋಮೀಟರ್‌ಗೆ ಇಳಿದರೆ, ಗ್ರೇಜಿಂಗ್ ಆಂಗಲ್ ತಲೆ ಬೇಕು. ಅದು ಬೆಳಕನ್ನು 80 ಡಿಗ್ರಿಗಿಂತ ಹೆಚ್ಚು ಓರೆಯಾಗಿ, ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಬಿಡುತ್ತದೆ. ಬೆಳಕು ಪದರದಲ್ಲಿ ಸಾಗುವ ದಾರಿ ಉದ್ದವಾಗುತ್ತದೆ, ಲೋಹದ ಹತ್ತಿರ ಅದರ ಬಲವೂ ಹೆಚ್ಚುತ್ತದೆ. ಆದರೆ ಇದು ಸಪಾಟಾದ, ನುಣುಪಾದ ಜಾಗ ಕೇಳುತ್ತದೆ. ಶಾಟ್ ಬ್ಲಾಸ್ಟ್ ಆದ ಎರಕದ ಮೇಲೆ ಬೆಳಕು ನಾಲ್ಕೂ ಕಡೆ ಚದುರುತ್ತದೆ, ಅಲ್ಲಿ ಚದುರಿದ ಬೆಳಕನ್ನು ಕೂಡಿಸಿ ನೋಡುವ ಡಿಫ್ಯೂಸ್ ತಲೆಯೇ ಗತಿ. ಇನ್ನು ಎಟಿಆರ್ ಎನ್ನುವ ವಜ್ರದ ತುದಿಯ ತಲೆ. ಇದು ದ್ರವಕ್ಕೆ, ಪ್ಲಾಸ್ಟಿಕ್‌ಗೆ, ದಪ್ಪ ಜಿಡ್ಡಿಗೆ ಬಹಳ ಒಳ್ಳೆಯದು. ಗಟ್ಟಿ ಲೋಹದ ಮೇಲಿನ ತೆಳು ಪದರಕ್ಕೆ ಇದನ್ನು ಒತ್ತಿದರೆ ಏನೂ ಕಾಣದೆ ಹೋಗಬಹುದು. ಡೆಮೊದಲ್ಲಿ ಎಟಿಆರ್ ತಲೆಯಿಂದ ಎಣ್ಣೆ ಹನಿ ತೋರಿಸಿ, ನಿಮ್ಮ ಜಾಬ್ ಮೇಲೂ ಹೀಗೇ ಕಾಣುತ್ತದೆ ಎಂದರೆ ನಂಬಬೇಡಿ.

ಅಂಕಿ ಬೇಕೆಂದರೆ ಕ್ಯಾಲಿಬ್ರೇಶನ್ ನೀವೇ ಮಾಡಬೇಕು. ಕಷ್ಟವೇನಿಲ್ಲ. ನಿಮ್ಮ ಎಣ್ಣೆಯನ್ನೇ 0.1 ಗ್ರಾಂ ತೂಗಿ ಒಂದು ಲೀಟರ್ ಶುದ್ಧ ಹೆಕ್ಸೇನಿನಲ್ಲಿ ಕರಗಿಸಿ. ಆಗ ಒಂದು ಮಿಲಿಲೀಟರಿನಲ್ಲಿ 100 ಮೈಕ್ರೋಗ್ರಾಂ ಎಣ್ಣೆ ಇರುತ್ತದೆ. ಅದರಲ್ಲಿ ಒಂದೇ ಮಿಲಿಲೀಟರನ್ನು 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಸ್ವಚ್ಛ ಪ್ಲೇಟಿನ ಮೇಲೆ ಸಮನಾಗಿ ಹರಡಿ ಹೆಕ್ಸೇನ್ ಆರಿಹೋಗಲು ಬಿಟ್ಟರೆ, ಚದರ ಸೆಂಟಿಮೀಟರಿಗೆ 1 ಮೈಕ್ರೋಗ್ರಾಂ. ದಪ್ಪದಲ್ಲಿ ಹೇಳುವುದಾದರೆ ಸುಮಾರು 11 ನ್ಯಾನೋಮೀಟರ್. ಹೀಗೆ ಎರಡು, ಐದು, ಹತ್ತು ಪಟ್ಟಿನ ಪ್ಲೇಟುಗಳನ್ನು ಮಾಡಿ 2920ರ ಶಿಖರದ ಎತ್ತರ ಗುರುತಿಸಿ. ತೆಳು ಪದರಗಳಲ್ಲಿ ಎತ್ತರ ಬಹುತೇಕ ನೇರ ಗೆರೆಯಲ್ಲಿ ಏರುತ್ತದೆ. ಪ್ಲೇಟು ನಿಮ್ಮ ಜಾಬ್‌ನ ಲೋಹದ್ದೇ, ಅದೇ ಫಿನಿಶಿನದೇ ಆಗಿರಲಿ. ಹೋಲಿಕೆಗೆ ಮೊದಲು ತೆಗೆಯುವ ಬ್ಯಾಕ್‌ಗ್ರೌಂಡ್ ಸ್ಕ್ಯಾನ್ ಕೂಡ ಅಂಥದ್ದೇ ಸ್ವಚ್ಛ ಪ್ಲೇಟಿನ ಮೇಲೆ ಆಗಲಿ. ಹೆಕ್ಸೇನ್ ಬೇಗ ಬೆಂಕಿ ಹಿಡಿಯುತ್ತದೆ, ನರಗಳಿಗೂ ಒಳ್ಳೆಯದಲ್ಲ. ಗಾಳಿಯಾಡುವ ಜಾಗದಲ್ಲಿ, ವೆಲ್ಡಿಂಗ್‌ನಿಂದ ದೂರ, ಗ್ಲೌಸ್ ಹಾಕಿಕೊಂಡು ಮಾಡಿ.

ಇನ್‌ಫ್ರಾರೆಡ್‌ಗೂ ಕುರುಡುಗಳಿವೆ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಇದಕ್ಕೆ ಕಾಣುವುದಿಲ್ಲ. ಲೋಹದ ಪುಡಿಯೂ ಕಾಣುವುದಿಲ್ಲ. ಗಡಸು ಬೋರ್‌ವೆಲ್ ನೀರು ಬಿಟ್ಟುಹೋದ ಸುಣ್ಣದ ಬಿಳಿ ಕಲೆ ಮಾತ್ರ 1400ರಿಂದ 1450ರ ನಡುವೆ ಕಾಣುತ್ತದೆ, ಅಷ್ಟು ಸಮಾಧಾನ. ಒಳಬೋರಿಗೆ, ಥ್ರೆಡ್ ಒಳಗೆ ತಲೆ ಹೋಗುವುದಿಲ್ಲ. ಪಕ್ಕದಲ್ಲಿ ದೊಡ್ಡ ಪ್ರೆಸ್ ಬಡಿಯುತ್ತಿದ್ದರೆ ಸ್ಕ್ಯಾನ್ ನಡುಗಿ ಹಾಳಾಗುತ್ತದೆ. ಮಳೆಗಾಲದ ತೇವದ ಗಾಳಿ ಗೆರೆಯ ಮೇಲೆ ಮುಳ್ಳು ಮುಳ್ಳಾಗಿ ಕಾಣುತ್ತದೆ, ಬ್ಯಾಕ್‌ಗ್ರೌಂಡನ್ನು ಪದೇಪದೇ ತೆಗೆಯಬೇಕು. ಎಲ್ಲಕ್ಕಿಂತ ದೊಡ್ಡದು, ಅದು ನೋಡುವುದು ಚುಕ್ಕಿಯನ್ನು. ಒಂದು ಮೀಟರ್ ಉದ್ದದ ಪ್ಯಾನೆಲಿನಲ್ಲಿ ಸ್ವಚ್ಛವಾದ ಚುಕ್ಕಿಗೇ ತಲೆ ಇಟ್ಟರೆ ಪ್ಯಾನೆಲ್ ಪಾಸಾಗಿಬಿಡುತ್ತದೆ. ಅದಕ್ಕೇ ಗನ್ ಇದ್ದವರೂ ಎಲ್ಲಿ ನೋಡಬೇಕು ಎಂದು ತಿಳಿಯಲು ಮೊದಲು ನೀರನ್ನೋ ಟಾರ್ಚನ್ನೋ ಬಳಸಬೇಕು.

ಕೊಳ್ಳದೆಯೂ ಇನ್‌ಫ್ರಾರೆಡ್ ಬಳಸುವ ದಾರಿ

ನನಗೆ ಕೇಳಿದರೆ ನಮ್ಮ ಕಡೆಯ ಹೆಚ್ಚಿನ ಸಣ್ಣ ಶೆಡ್‌ಗಳಿಗೆ ಇದೇ ಸರಿಯಾದ ದಾರಿ. ಫಾರ್ಮಸಿ ಕಾಲೇಜು, ಕೆಮಿಸ್ಟ್ರಿ ವಿಭಾಗಗಳ ಲ್ಯಾಬಿನಲ್ಲಿ ಮೇಜಿನ ಮೇಲಿನ ಎಫ್‌ಟಿಐಆರ್ (ಇನ್‌ಫ್ರಾರೆಡ್ ಸ್ಪೆಕ್ಟ್ರೋಮೀಟರ್) ಇರುವುದು ಸಾಮಾನ್ಯ. ಬೆಳಗಾವಿಯಂಥ ಕಾಲೇಜುಗಳ ಊರಿನಲ್ಲಿ ಕೇಳಿದರೆ ಸ್ಯಾಂಪಲ್ ಲೆಕ್ಕದಲ್ಲಿ ಶುಲ್ಕ ತೆಗೆದುಕೊಂಡು ಮಾಡಿಕೊಡುವವರು ಸಿಗಬಹುದು. ಜಾಬ್ ಹೊತ್ತುಕೊಂಡು ಹೋಗಬೇಕಿಲ್ಲ, ಕೊಳೆಯನ್ನು ಒಯ್ದರೆ ಸಾಕು.

ಸಮಸ್ಯೆಯ ಜಾಬ್‌ನ ಮೇಲೆ ಶುದ್ಧ ಹೆಕ್ಸೇನ್ ಸುರಿದು, ಕೆಳಗೆ ಸ್ವಚ್ಛ ಗಾಜಿನ ಬೀಕರ್ ಹಿಡಿದು ತೊಳೆದುಕೊಳ್ಳಿ. 1000 ಚದರ ಸೆಂಟಿಮೀಟರ್ ತೊಳೆದರೆ, ಚದರ ಸೆಂಟಿಮೀಟರಿಗೆ 1 ಮೈಕ್ರೋಗ್ರಾಂ ಇದ್ದರೂ 1 ಮಿಲಿಗ್ರಾಂ ಜಿಡ್ಡು ಕೈಗೆ ಬರುತ್ತದೆ. ಎಟಿಆರ್‌ಗೆ ಅದು ಧಾರಾಳ. ಗಾಜಿನ ಶೀಶೆಯಲ್ಲಿ ತುಂಬಿ ಲ್ಯಾಬಿಗೆ ಕೊಡಿ, ಅವರು ಹೆಕ್ಸೇನನ್ನು ಆವಿಯಾಗಿಸಿ ಉಳಿದದ್ದನ್ನು ಸ್ಕ್ಯಾನ್ ಮಾಡುತ್ತಾರೆ. ಜೊತೆಗೆ ಎರಡು ಸ್ಯಾಂಪಲ್ ಕಡ್ಡಾಯವಾಗಿ ಕೊಡಿ: ಯಾವ ಜಾಬನ್ನೂ ಮುಟ್ಟದ ಬರೀ ಹೆಕ್ಸೇನ್ ಒಂದು ಶೀಶೆ, ಮತ್ತು ನಿಮ್ಮ ಶಾಪ್‌ನಲ್ಲಿ ಅನುಮಾನ ಇರುವ ಎಣ್ಣೆ, ಸ್ಪ್ರೇಗಳ ಒಂದೊಂದು ಹನಿ. ಮೊದಲನೆಯದಿಲ್ಲದಿದ್ದರೆ ಹೆಕ್ಸೇನಿನ ಕೊಳೆಯನ್ನೇ ಜಾಬ್‌ನ ಕೊಳೆ ಎಂದು ಓದಿಬಿಡುತ್ತೀರಿ. ಎರಡನೆಯದಿಲ್ಲದಿದ್ದರೆ "ಯಾವುದೋ ಎಣ್ಣೆ" ಎಂಬ ಉತ್ತರ ಬರುತ್ತದೆ, ಯಾವುದು ಎಂದು ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಬಾಟಲಿ, ರಬ್ಬರ್ ಬಿರಡೆ ಬೇಡ, ಅವುಗಳಿಂದಲೂ ಏನಾದರೂ ಇಳಿದುಬರುತ್ತದೆ. ಸೋಪಿನ ಅಂಶ ಹೆಕ್ಸೇನಿಗೆ ಬರುವುದಿಲ್ಲ, ಆ ಅನುಮಾನ ಇದ್ದರೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಮತ್ತು ಡಿಎಂ ವಾಟರ್ ಬೆರೆಸಿ ಬೇರೆಯಾಗಿ ತೊಳೆದುಕೊಳ್ಳಿ.

ಇದರ ತೊಂದರೆ ಕಾಯುವುದು. ಲೈನು ನಿಂತಿರುವಾಗ ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಮತ್ತೆ, ಕೊಳೆ ಜಾಬ್‌ನ ಯಾವ ಜಾಗದಲ್ಲಿತ್ತು ಎಂಬುದು ತೊಳೆದ ಕ್ಷಣವೇ ಅಳಿಸಿಹೋಗುತ್ತದೆ.

ಯಾರಿಗೆ ಯಾವುದು

ಜಾಬ್ ವರ್ಕ್ ಮಾಡುವ ಪೌಡರ್ ಕೋಟಿಂಗ್ ಶೆಡ್ ಆದರೆ ನೀರು ಮತ್ತು 365ರ ಟಾರ್ಚ್ ಇಟ್ಟುಕೊಳ್ಳಿ. ಗ್ರಾಹಕರು ದಾಖಲೆ ಕೇಳಿದರೆ ಡೈನ್ ಇಂಕು ಸೇರಿಸಿ. ಫಿಶ್ ಐ ಪದೇಪದೇ ಬಂದಾಗ ಲ್ಯಾಬಿಗೆ ಒಂದು ಶೀಶೆ ಕಳಿಸಿ. ಇಷ್ಟಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ಗನ್ನಿಗೆ ಹಾಕುವ ದುಡ್ಡಿನಲ್ಲಿ ಡಿಗ್ರೀಸಿಂಗ್ ಟ್ಯಾಂಕಿಗೆ ಎಣ್ಣೆ ತೆಗೆಯುವ ಸ್ಕಿಮ್ಮರ್, ಇನ್ನೊಂದು ರಿನ್ಸ್ ಟ್ಯಾಂಕ್, ಡಿಎಂ ಪ್ಲಾಂಟ್ ಬರುತ್ತವೆ. ಅವು ಕೊಳೆಯನ್ನೇ ಕಡಿಮೆ ಮಾಡುತ್ತವೆ.

ಹಾರ್ಡ್ ಕ್ರೋಮ್, ಝಿಂಕ್ ಪ್ಲೇಟಿಂಗ್ ಲೈನಿಗೆ ನೀರಿನ ಪರೀಕ್ಷೆಯೇ ರಾಜ. ಜಾಬ್ ಹೇಗಿದ್ದರೂ ಒದ್ದೆಯಾಗಿಯೇ ಇರುತ್ತದೆ, ಟ್ಯಾಂಕಿನಿಂದ ಎತ್ತಿದಾಗೆಲ್ಲ ನೋಡುವ ಅಭ್ಯಾಸ ಬೆಳೆಸಿದರೆ ಆಯಿತು.

ಫೌಂಡ್ರಿ, ಮಷಿನಿಂಗ್ ಮಾಡಿ ಹೊರದೇಶಕ್ಕೆ ಕಳಿಸುವವರಿಗೆ ನಿರ್ಧಾರ ಸ್ವಲ್ಪ ಕಷ್ಟ. ಗ್ರಾಹಕರ ಡ್ರಾಯಿಂಗಿನಲ್ಲಿ ಏನು ಬರೆದಿದೆ ಎಂದು ಮೊದಲು ಓದಿ. ಮಿಲಿಗ್ರಾಂ, ಮೈಕ್ರಾನ್ ಎಂದಿದ್ದರೆ ಅದು ಕಣಗಳ ಮಾತು, ತೊಳೆದು ಸೋಸುವ ವ್ಯವಸ್ಥೆಗೆ ದುಡ್ಡು ಹಾಕಿ. ಜಿಡ್ಡಿನ ಮಿತಿ ಎಂದಿದ್ದು, ಒಂದೇ ಎಣ್ಣೆ ಬಳಸುತ್ತಿದ್ದರೆ ಯುವಿ ಹೊಳಪಿನ ಮೀಟರ್ ಸಾಕಾಗಬಹುದು. ಹತ್ತು ಬಗೆಯ ಎಣ್ಣೆ, ಹತ್ತು ಬಗೆಯ ಜಾಬ್, ಪ್ರತಿ ತಿಂಗಳೂ ಯಾರದು ತಪ್ಪು ಎಂಬ ಜಗಳ ಇದ್ದರೆ ಇನ್‌ಫ್ರಾರೆಡ್ ಬಗ್ಗೆ ಗಂಭೀರವಾಗಿ ಯೋಚಿಸಿ. ಅಕ್ಕಪಕ್ಕದ ನಾಲ್ಕು ಯೂನಿಟ್ ಸೇರಿ ಒಂದು ಯಂತ್ರ ತಂದು, ಒಬ್ಬ ಬಿಎಸ್ಸಿ ಕೆಮಿಸ್ಟ್ರಿ ಓದಿದ ಹುಡುಗಿಗೋ ಹುಡುಗನಿಗೋ ಅದರ ಜವಾಬ್ದಾರಿ ಕೊಟ್ಟರೆ ಲೆಕ್ಕ ಕೂಡಿಬರುತ್ತದೆ. ಯಂತ್ರಕ್ಕಿಂತ ಆ ಒಬ್ಬರು ಮುಖ್ಯ. ದಿನಾ ಹಿಡಿಯುವವರಿಲ್ಲದ ಯಂತ್ರ ಕಪಾಟು ಸೇರುತ್ತದೆ.

ಹತ್ತರಗಿಯ ಏರೋಸ್ಪೇಸ್ ವಲಯಕ್ಕೆ ಭಾಗ ಕೊಡುವವರು, ಅಂಟು ಹಚ್ಚುವ, ಸೀಲಂಟ್ ತುಂಬುವ ಕೆಲಸ ಹಿಡಿದವರು, ಇವರಿಗೆ ಗನ್ ದುಬಾರಿ ಅನಿಸಬಾರದು. ಅಲ್ಲಿ ಒಂದು ಭಾಗ ರಿಜೆಕ್ಟ್ ಆದರೆ ಹೋಗುವ ದುಡ್ಡು, ಹೋಗುವ ನಂಬಿಕೆ ಎರಡೂ ದೊಡ್ಡದು. ಆದರೂ ಗ್ರಾಹಕರ ಸ್ಪೆಸಿಫಿಕೇಶನ್ ಒಪ್ಪುವ ವಿಧಾನ ಯಾವುದು ಎಂದು ಬರೆದ ಉತ್ತರ ತೆಗೆದುಕೊಂಡ ಮೇಲೆಯೇ ಆರ್ಡರ್ ಹಾಕಿ. ಅವರು ವಾಟರ್ ಬ್ರೇಕ್ ಟೆಸ್ಟನ್ನೇ ಕೇಳಿದ್ದರೆ ಗನ್ನಿನ ರಿಪೋರ್ಟು ಅದರ ಜಾಗ ತುಂಬುವುದಿಲ್ಲ.

ಡೆಮೊಗೆ ಬರುವವರ ಮುಂದೆ ಅವರು ತಂದ ಕನ್ನಡಿಯಂಥ ಪ್ಲೇಟನ್ನು ಪಕ್ಕಕ್ಕಿಡಿ. ನಿಮ್ಮ ಜಾಬ್‌ನ ಲೋಹದಿಂದಲೇ, ನಿಮ್ಮ ಫಿನಿಶಿನಲ್ಲೇ ಐದಾರು ತುಂಡು ಸಿದ್ಧ ಮಾಡಿ. ಒಂದು ಪೂರ್ತಿ ಸ್ವಚ್ಛ, ಒಂದಕ್ಕೆ ನಿಮ್ಮ ಕೂಲಂಟ್ ಹಚ್ಚಿ ಒಣಗಿಸಿದ್ದು, ಒಂದಕ್ಕೆ ಸಿಲಿಕೋನ್ ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿದ್ದು, ಒಂದು ಕ್ಲೀನರಿನಲ್ಲಿ ಅದ್ದಿ ರಿನ್ಸ್ ಮಾಡದ್ದು, ಒಂದಕ್ಕೆ ತೆಳ್ಳಗೆ ತುಕ್ಕು ಬಂದದ್ದು. ಹಿಂಬದಿ ನಂಬರ್ ಬರೆದು, ಯಾವುದು ಏನು ಎಂದು ಹೇಳದೆ ಕೊಡಿ. ಒಂದೊಂದರಲ್ಲೂ ಮೂರು ಜಾಗ ಸ್ಕ್ಯಾನ್ ಮಾಡಿಸಿ. ಆಮೇಲೆ ಯಂತ್ರವನ್ನು ನಿಮ್ಮ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟು, ಅದೇ ತುಂಡುಗಳನ್ನು ಮತ್ತೆ ನೋಡಲು ಹೇಳಿ. ಇಬ್ಬರ ಉತ್ತರವೂ ನಿಮ್ಮ ಚೀಟಿಯ ಜೊತೆ ತಾಳೆಯಾದರೆ, ಮುಂದೆ ಬೆಲೆ, ಸರ್ವಿಸ್ ಇಂಜಿನಿಯರ್ ಎಷ್ಟು ದಿನದಲ್ಲಿ ಬೆಳಗಾವಿಗೆ ಬರುತ್ತಾರೆ, ತಲೆಗಳಿಗೆ ಬೇರೆ ದುಡ್ಡಾ ಎಂಬ ಮಾತಿಗೆ ಕುಳಿತುಕೊಳ್ಳಿ.